ಮರವೋ, ಏಣಿಯೋ, ಜರಡಿಯೋ? ಅಪವರ್ತನ, ಅವಿಭಾಜ್ಯ ಹುಡುಕಲು ಯಾವ ದಾರಿ ಹಿಡಿಯಬೇಕು

ಪರೀಕ್ಷೆ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಕುಮಟಾದ ಒಬ್ಬ ತಾಯಿ ಕೇಳುತ್ತಾರೆ: "ಶಾಲೆಯಲ್ಲಿ ಮರ ಬರೆಸ್ತಾರೆ, ಟ್ಯೂಷನ್‌ನಲ್ಲಿ ಏಣಿ ಹಾಕಿಸ್ತಾರೆ. ಮಗಳು ಎರಡನ್ನೂ ಕಲಸಿಕೊಂಡಿದ್ದಾಳೆ. ಯಾವುದನ್ನ ಇಟ್ಕೊಳ್ಳೋದು?" ಕಾರವಾರದಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗನಿಗೆ ಬೇಕಿರುವುದು ವೇಗ. ಶಿರಸಿಯಲ್ಲಿ ಕೋಡಿಂಗ್ ಕಲಿಯುತ್ತಿರುವವನದು ಇನ್ನೊಂದು ತಕರಾರು: ಕಂಪ್ಯೂಟರ್ ಇರುವಾಗ ಇದೆಲ್ಲ ಯಾಕೆ?

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಮೂವರಿಗೂ ನಷ್ಟ. ಹಾಗಾಗಿ ಮೊದಲು ಯಾವುದನ್ನು ನೋಡಿ ಆರಿಸಬೇಕು ಅನ್ನುವುದನ್ನು ಇತ್ಯರ್ಥ ಮಾಡಿಕೊಳ್ಳೋಣ.

ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರಶ್ನೆ ನಿಜವಾಗಿ ಏನು ಕೇಳುತ್ತಿದೆ ಅನ್ನುವುದು. "ಎಲ್ಲ ಅಪವರ್ತನ ಬರೆಯಿರಿ", "ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯಿರಿ", "ಇದು ಅವಿಭಾಜ್ಯವೇ?", "ಇವೆರಡರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಎಷ್ಟು?" ಈ ನಾಲ್ಕು ಪ್ರಶ್ನೆಗಳು ನೋಡಲು ಅಕ್ಕತಂಗಿಯರ ಹಾಗಿವೆ. ಆದರೆ ಬೇಡುವ ಕೆಲಸ ಬೇರೆ ಬೇರೆ. ನನ್ನ ಅನುಭವದಲ್ಲಿ ಮಕ್ಕಳು ಸಮಯ ಕಳೆದುಕೊಳ್ಳುವುದು ಗುಣಾಕಾರ ಬಾರದೆ ಅಲ್ಲ, ಕೇಳದೇ ಇರುವ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕೂತು.

ಎರಡನೆಯದು ಸಂಖ್ಯೆ ಎಷ್ಟು ದೊಡ್ಡದು ಅನ್ನುವುದು. ಮೂರನೆಯದು ಕೈಯಲ್ಲಿ ಏನಿದೆ: ಪೆನ್ಸಿಲ್ಲೋ, ಮೊಬೈಲೋ, ಬರೀ ತಲೆಯೋ, ಎಷ್ಟು ನಿಮಿಷವೋ. ನಾಲ್ಕನೆಯದು ಹಂತ ತೋರಿಸಬೇಕೋ ಬೇಡವೋ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯಲ್ಲಿ ಹಂತಕ್ಕೆ ಅಂಕ ಉಂಟು. ಗುರುತು ಹಾಕುವ ಪರೀಕ್ಷೆಯಲ್ಲಿ ಬರೀ ಉತ್ತರಕ್ಕೆ.

ಮಾತು ಗೊಂದಲ ಆಗದಿರಲಿ ಅಂತ ಒಂದು ಸಾಲು. 12ರ ಅಪವರ್ತನಗಳು 1, 2, 3, 4, 6, 12. ಅಲ್ಲಿಗೆ ಮುಗಿಯಿತು. 12ರ ಅಪವರ್ತ್ಯಗಳು 12, 24, 36, 48 ಹೀಗೆ ಮುಗಿಯದೆ ಹೋಗುತ್ತವೆ. 1 ಮತ್ತು ತಾನು, ಈ ಎರಡೇ ಅಪವರ್ತನ ಇರುವುದು ಅವಿಭಾಜ್ಯ. ಎರಡಕ್ಕಿಂತ ಹೆಚ್ಚು ಇದ್ದರೆ ಸಂಯುಕ್ತ. 1 ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ.

ಅಭ್ಯಾಸಕ್ಕೆ ಪುಸ್ತಕ ಬೇಕಿಲ್ಲ, ರಸ್ತೆ ನೋಡಿದರೆ ಸಾಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಗಾಡಿ ನಂಬರ್‌ಗಳಲ್ಲಿ ಕಾರವಾರದ್ದು ಕೆಎ 30, ಶಿರಸಿಯದು 31, ಹೊನ್ನಾವರದ್ದು 47, ದಾಂಡೇಲಿಯದು 65. ಶಿರಸಿ, ಹೊನ್ನಾವರ ಅವಿಭಾಜ್ಯ. ಕಾರವಾರ 2 × 3 × 5, ದಾಂಡೇಲಿ 5 × 13. ಕರಾವಳಿ ಹೆದ್ದಾರಿಯ ಹಳೆ ಸಂಖ್ಯೆ 17 ಅವಿಭಾಜ್ಯ, ಈಗಿನ 66 ಅಲ್ಲ. ಎರಡಂಕಿ ಇರುವ ತನಕ ಮಗ್ಗಿ ಬಂದರೆ ಸಾಕು, ಯಾವ ವಿಧಾನವೂ ಬೇಕಾಗಿಲ್ಲ.

ಎಲ್ಲ ಅಪವರ್ತನ ಬೇಕಾದಾಗ: ಜೋಡಿ

180 ಅಡಿಕೆ ಸಸಿ ಇದೆ. ಸಾಲು ಸಮ ಇರಬೇಕು, ಒಂದೂ ಉಳಿಯಬಾರದು. ಎಷ್ಟು ರೀತಿಯಲ್ಲಿ ನೆಡಬಹುದು? ಇಲ್ಲಿ ಜೋಡಿ ವಿಧಾನವೇ ಸರಿ. 1 × 180, 2 × 90, 3 × 60, 4 × 45, 5 × 36, 6 × 30, 9 × 20, 10 × 18, 12 × 15. 7, 8, 11 ಹೋಗುವುದಿಲ್ಲ. 13 ಕೂಡ ಹೋಗುವುದಿಲ್ಲ. 14ಕ್ಕೆ ಬಂದಾಗ 14 × 14 = 196, ಅದು 180 ದಾಟಿತು. ಅಲ್ಲಿಗೆ ನಿಲ್ಲಿಸಬೇಕು.

ನಿಲ್ಲಿಸುವ ಜಾಗ ಗೊತ್ತಿರುವುದೇ ಈ ವಿಧಾನದ ಜೀವಾಳ. ಜೋಡಿಯ ಚಿಕ್ಕ ಸಂಖ್ಯೆ ವರ್ಗಮೂಲವನ್ನು ದಾಟಲು ಸಾಧ್ಯವಿಲ್ಲ. ಇಬ್ಬರೂ ದಾಟಿದರೆ ಗುಣಲಬ್ಧ 180ಕ್ಕಿಂತ ಜಾಸ್ತಿ ಆಗಿಬಿಡುತ್ತದೆ, ಅಲ್ವಾ? ಇದು ಗೊತ್ತಿಲ್ಲದ ಹುಡುಗ 90ರ ತನಕ ಒಂದೊಂದೇ ಭಾಗಿಸುತ್ತಾ ಹೋಗುತ್ತಾನೆ. ಗೊತ್ತಿರುವವನು 13ಕ್ಕೆ ಪುಸ್ತಕ ಮುಚ್ಚುತ್ತಾನೆ.

ಜೋಡಿಯ ದೋಷ ಒಂದೇ. ನಡುವೆ ಒಂದು ಬಿಟ್ಟುಹೋದರೆ ಗೊತ್ತೇ ಆಗುವುದಿಲ್ಲ. 9 × 20 ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಮದ್ದು ಮುಂದಿನ ವಿಧಾನದಲ್ಲಿದೆ.

ಮರ ಮತ್ತು ಏಣಿ

ಎರಡೂ ಮಾಡುವ ಕೆಲಸ ಒಂದೇ: ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವುದು. ಮರದಲ್ಲಿ 180ನ್ನು 18 ಮತ್ತು 10 ಎಂದು ಕವಲು ಮಾಡಿ, 18ನ್ನು 2 ಮತ್ತು 9, 10ನ್ನು 2 ಮತ್ತು 5 ಅಂತ ಒಡೆಯುತ್ತೇವೆ. ಏಣಿಯಲ್ಲಿ ಚಿಕ್ಕ ಅವಿಭಾಜ್ಯದಿಂದ ಶುರು ಮಾಡಿ ಇಳಿಯುತ್ತೇವೆ: 180, 90, 45, 15, 5, 1. ಎಡಕ್ಕೆ ಬರೆದ ಭಾಜಕಗಳು 2, 2, 3, 3, 5.

ಮರದ ಗುಣ ಅಂದರೆ ಸ್ವಾತಂತ್ರ್ಯ. ಎಲ್ಲಿಂದ ಬೇಕಾದರೂ ಒಡೆಯಬಹುದು. 3600 ಕಂಡರೆ 36 × 100 ಅಂತ ಕಣ್ಣಿಗೇ ಕಾಣುತ್ತದೆ, ಎರಡೇ ಏಟಿಗೆ ಅರ್ಧ ಕೆಲಸ ಮುಗಿಯುತ್ತದೆ. ಐದನೇ ಕ್ಲಾಸಿನ ಮಗುವಿಗೆ ಇದು ಖುಷಿ. ಇಬ್ಬರು ಬೇರೆ ಬೇರೆ ಕಡೆಯಿಂದ ಒಡೆದು ಕೊನೆಗೆ ಒಂದೇ ಎಲೆಗಳಿಗೆ ಬಂದು ನಿಂತಾಗ ಮಕ್ಕಳ ಮುಖ ನೋಡಬೇಕು. ಯಾವ ದಾರಿಯಲ್ಲಿ ಹೋದರೂ ಸಿಗುವ ಅವಿಭಾಜ್ಯಗಳು ಅವೇ ಅನ್ನುವುದು ಅಂಕಗಣಿತದ ಮೂಲ ಪ್ರಮೇಯ. ಅದನ್ನು ಹೇಳಿಕೊಡುವುದಕ್ಕಿಂತ ಕಣ್ಣಿಗೆ ತೋರಿಸುವುದು ಮೇಲು.

ಆದರೆ ಪರೀಕ್ಷೆಯ ದಿನ ಮರ ಕೈ ಕೊಡುತ್ತದೆ. ಎಲೆಗಳು ಪುಟದ ತುಂಬ ಚೆಲ್ಲಿರುತ್ತವೆ. 9ನ್ನು ಒಡೆಯದೆ ಹಾಗೇ ಬಿಟ್ಟು ಅದನ್ನೂ ಅವಿಭಾಜ್ಯ ಅಂತ ಎಣಿಸುವುದು, ಒಂದು 2 ಕಳೆದುಹೋಗುವುದು, ಇವೆಲ್ಲ ಮರದ್ದೇ ತಪ್ಪುಗಳು. ಏಣಿಯಲ್ಲಿ ಉತ್ತರ ಎಡಗಡೆ ಒಂದೇ ಕಂಬದಲ್ಲಿ ಸಾಲಾಗಿ ನಿಂತಿರುತ್ತದೆ. ಹಂತಕ್ಕೆ ಅಂಕ ಕೊಡುವವರಿಗೂ ಅನುಕೂಲ. ಹಾಗಾಗಿ ಆ ಕುಮಟಾದ ತಾಯಿಗೆ ನನ್ನ ಮಾತು: ಅರ್ಥ ಆಗಲಿಕ್ಕೆ ಮರ, ಅಂಕಕ್ಕೆ ಏಣಿ. ಒಂದೇ ವಾರ ಎರಡನ್ನೂ ಬೆರೆಸಬೇಡಿ.

ಈಗ ಆ ಮದ್ದು. 180ರಲ್ಲಿ 2 ಎರಡು ಸಲ, 3 ಎರಡು ಸಲ, 5 ಒಂದು ಸಲ. ಪ್ರತಿಯೊಂದಕ್ಕೂ ಒಂದು ಕೂಡಿಸಿ ಗುಣಿಸಿ: 3 × 3 × 2 = 18. ಅಂದರೆ 180ಕ್ಕೆ ಒಟ್ಟು 18 ಅಪವರ್ತನ. ನಿಮ್ಮ ಜೋಡಿ ಒಂಬತ್ತು ಆಗಿದ್ದರೆ ಯಾವುದೂ ಬಿಟ್ಟುಹೋಗಿಲ್ಲ. ಎಂಟೇ ಇದ್ದರೆ ಒಂದು ಎಲ್ಲೋ ಅಡಗಿದೆ. ಜೋಡಿ ಮತ್ತು ಏಣಿ ಎರಡನ್ನೂ ಕಲಿಯಲು ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಎರಡು ಸಂಖ್ಯೆಗಳ ವಿಷಯ ಬಂದಾಗ

ಒಂದು ಬಸ್ಸು 40 ನಿಮಿಷಕ್ಕೊಮ್ಮೆ, ಇನ್ನೊಂದು 25 ನಿಮಿಷಕ್ಕೊಮ್ಮೆ ಹೊರಡುತ್ತದೆ ಅಂದುಕೊಳ್ಳಿ. ಬೆಳಿಗ್ಗೆ 6ಕ್ಕೆ ಒಟ್ಟಿಗೆ ಹೊರಟವು. ಮತ್ತೆ ಒಟ್ಟಿಗೆ ಹೊರಡುವುದು ಯಾವಾಗ? ಎರಡರ ಅಪವರ್ತ್ಯಗಳನ್ನೂ ಉದ್ದಕ್ಕೆ ಬರೆದು ಹೋಲಿಸಬೇಡಿ. ದೊಡ್ಡದರ ಅಪವರ್ತ್ಯ ಮಾತ್ರ ಹೇಳುತ್ತಾ ಹೋಗಿ: 40, 80, 120, 160, 200. 25ರಿಂದ ಹೋಗುವುದು 200. ಉತ್ತರ 9 ಗಂಟೆ 20 ನಿಮಿಷ. ಬಾಯಲ್ಲೇ ಆಗುವ ಲೆಕ್ಕ.

ಸಂಖ್ಯೆ ದೊಡ್ಡದಾದರೆ ಬಹಳ ಜನ ಎರಡಕ್ಕೂ ಏಣಿ ಹಾಕಲು ಓಡುತ್ತಾರೆ. ಬೇಡ. ಯೂಕ್ಲಿಡನ ವಿಧಾನ ಹಿಡಿಯಿರಿ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಶೇಷ ತೆಗೆದುಕೊಳ್ಳಿ. ಈಗ ಚಿಕ್ಕದನ್ನು ಆ ಶೇಷದಿಂದ ಭಾಗಿಸಿ. ಶೇಷ ಸೊನ್ನೆ ಆದಾಗ ಕೊನೆಯ ಭಾಜಕವೇ ಮ.ಸಾ.ಅ.

ಇದರ ಬಲ ಗೊತ್ತಾಗಬೇಕಾದರೆ ಪಿನ್‌ಕೋಡ್ ತೆಗೆದುಕೊಳ್ಳಿ. ಕಾರವಾರ 581301, ಕುಮಟಾ 581343. ದೊಡ್ಡದರಲ್ಲಿ ಚಿಕ್ಕದು ಒಂದೇ ಸಲ ಹೋಗುವುದರಿಂದ ವ್ಯತ್ಯಾಸ 42 ಅನ್ನುವುದೇ ಮೊದಲ ಶೇಷ. 581301ನ್ನು 42ರಿಂದ ಭಾಗಿಸಿದರೆ ಶೇಷ 21. 42ನ್ನು 21ರಿಂದ ಭಾಗಿಸಿದರೆ ಶೇಷ ಇಲ್ಲ. ಮ.ಸಾ.ಅ. 21, ಮುಗಿಯಿತು. ಕಾರವಾರ ಮತ್ತು ಶಿರಸಿ (581401) ಇನ್ನೂ ಸುಲಭ. ವ್ಯತ್ಯಾಸ 100, 581301ನ್ನು 100ರಿಂದ ಭಾಗಿಸಿದರೆ ಶೇಷ 1. ಸಾಮಾನ್ಯ ಅಪವರ್ತನ 1 ಬಿಟ್ಟರೆ ಬೇರೆ ಇಲ್ಲ. ಆರಂಕಿಯ ಎರಡು ಸಂಖ್ಯೆಗಳನ್ನು ಒಡೆಯದೆಯೇ ಉತ್ತರ ಬಂತು. ಇವನ್ನು ಏಣಿಯಲ್ಲಿ ಒಡೆಯಲು ಹೊರಟಿದ್ದರೆ ಏನಾಗುತ್ತಿತ್ತು ಅನ್ನುವುದು ಮುಂದೆ ಬರುತ್ತದೆ.

ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಬಸ್ಸಿನ ಲೆಕ್ಕದ 200ರ ಹಾಗೆ) ಬೇಕಾದರೆ ಎರಡನ್ನೂ ಗುಣಿಸಿ ಮ.ಸಾ.ಅ.ದಿಂದ ಭಾಗಿಸಿ. ಆದರೆ ಈ ಸೂತ್ರ ಎರಡೇ ಸಂಖ್ಯೆಗಳಿಗೆ. 4, 6, 10 ತೆಗೆದುಕೊಂಡರೆ ಮ.ಸಾ.ಅ. 2, ಲ.ಸಾ.ಅ. 60. ಗುಣಿಸಿದರೆ 120. ಮೂರರ ಗುಣಲಬ್ಧ ಮಾತ್ರ 240. ಮೂರು ಸಂಖ್ಯೆ ಇದ್ದರೆ ಒಟ್ಟಿಗೇ ಏಣಿ ಹಾಕುವುದು ಒಳ್ಳೆಯದು. ಅಂದಹಾಗೆ, ಭಿನ್ನರಾಶಿ ಕೂಡಿಸಲು ಲ.ಸಾ.ಅ. ಬಳಸುವುದನ್ನು ಒಂಬತ್ತನೇ ಶತಮಾನದಲ್ಲೇ ಮಹಾವೀರಾಚಾರ್ಯ ಹೇಳಿಕೊಟ್ಟಿದ್ದ. ರಾಷ್ಟ್ರಕೂಟ ಅಮೋಘವರ್ಷನ ಕಾಲದವನು, ಕನ್ನಡ ನೆಲದವನೇ.

ಅವಿಭಾಜ್ಯವೇ ಅಲ್ಲವೇ?

ಇಲ್ಲಿ ಮೋಸ ಜಾಸ್ತಿ. 51, 57, 87, 91, 119, 133 ಇವೆಲ್ಲ ಅವಿಭಾಜ್ಯದ ವೇಷ ಹಾಕಿಕೊಂಡು ಕೂತಿರುತ್ತವೆ. 51, 57, 87 ಮೂರರಿಂದ ಹೋಗುತ್ತವೆ, ಉಳಿದ ಮೂರು ಏಳರಿಂದ. "6ರ ಅಪವರ್ತ್ಯದ ಪಕ್ಕದಲ್ಲಿದ್ದರೆ ಅವಿಭಾಜ್ಯ" ಅಂತ ಒಂದು ಸುಲಭ ಸೂತ್ರ ಓಡಾಡುತ್ತಿದೆ. ಅದು ಅರ್ಧ ಸತ್ಯ. 3ಕ್ಕಿಂತ ದೊಡ್ಡ ಅವಿಭಾಜ್ಯಗಳೆಲ್ಲ 6ರ ಅಪವರ್ತ್ಯದ ಪಕ್ಕದಲ್ಲೇ ಇರುತ್ತವೆ, ಸರಿ. ಆದರೆ 25, 35, 49 ಕೂಡ ಅಲ್ಲೇ ಇವೆ. ಯಾವುದನ್ನು ಕೈಬಿಡಬಹುದು ಅಂತ ಹೇಳಲು ಈ ಸೂತ್ರ ಸಾಕು, ಯಾವುದನ್ನು ಒಪ್ಪಬೇಕು ಅಂತ ಹೇಳಲು ಸಾಲದು.

ನಂಬಬಹುದಾದ ದಾರಿ ಅಂದರೆ ವರ್ಗಮೂಲದ ತನಕದ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡುವುದು. ಮೂರಂಕಿಯ ಯಾವ ಸಂಖ್ಯೆಗೂ 31ರ ತನಕ ಸಾಕು, ಅಂದರೆ ಹನ್ನೊಂದೇ ಅವಿಭಾಜ್ಯ. 2 ಮತ್ತು 5ಕ್ಕೆ ಕೊನೆಯ ಅಂಕಿ, 3ಕ್ಕೆ ಅಂಕಿಗಳ ಮೊತ್ತ ನೋಡಿದರಾಯಿತು. 7, 11, 13ಕ್ಕೆ ಒಟ್ಟಿಗೆ ಒಂದು ಉಪಾಯ ಇದೆ. 7 × 11 × 13 = 1001. ಹಾಗಾಗಿ ಆರಂಕಿಯ ಸಂಖ್ಯೆಯನ್ನು ನಡುವೆ ಮುರಿದು, ಮೂರು ಅಂಕಿ ಮೂರು ಅಂಕಿ ಮಾಡಿ ವ್ಯತ್ಯಾಸ ತೆಗೆಯಿರಿ. ಆ ವ್ಯತ್ಯಾಸ ಏಳರಿಂದ ಹೋದರೆ ಮೂಲ ಸಂಖ್ಯೆಯೂ ಏಳರಿಂದ ಹೋಗುತ್ತದೆ. 11, 13ಕ್ಕೂ ಹಾಗೇ.

ಪಿನ್‌ಕೋಡ್‌ಗೇ ಮರಳೋಣ. ಕಾರವಾರ: 581ರಲ್ಲಿ 301 ಕಳೆದರೆ 280, ಏಳರಿಂದ ಹೋಗುತ್ತದೆ. ಅಂಕಿಗಳ ಮೊತ್ತ 18, ಅಂದರೆ 9ರಿಂದಲೂ ಹೋಗುತ್ತದೆ. 581301 = 9 × 7 × 9227. ಮನೆಯಲ್ಲಿ ಕಾಫಿ ಕುಡಿಯುತ್ತಾ ಇಷ್ಟು ಆಗುತ್ತದೆ. 9227 ಅವಿಭಾಜ್ಯ ಹೌದಾ ಅಂತ ಖಾತ್ರಿ ಮಾಡಲು 17ರಿಂದ 89ರ ತನಕ ಇನ್ನೂ 18 ಭಾಗಾಕಾರ. ಹೌದು, ಅವಿಭಾಜ್ಯವೇ.

ಯಲ್ಲಾಪುರ 581359. ವ್ಯತ್ಯಾಸ 222, 7, 11, 13 ಯಾವುದೂ ಹೋಗುವುದಿಲ್ಲ. 17ರಿಂದ ಒಂದೊಂದೇ ನೋಡುತ್ತಾ ಹೋದರೆ ಹದಿಮೂರನೇ ಭಾಗಾಕಾರದಲ್ಲಿ 67 ಸಿಗುತ್ತದೆ: 67 × 8677.

ಶಿರಸಿ 581401. ವ್ಯತ್ಯಾಸ 180, ಇಲ್ಲೂ ಮೂರೂ ಹೋಗುವುದಿಲ್ಲ. 17ಕ್ಕೆ ಶೇಷ 1. 19ಕ್ಕೂ ಶೇಷ 1. 100 ದಾಟುತ್ತೀರಿ, 200 ದಾಟುತ್ತೀರಿ, 400 ದಾಟುತ್ತೀರಿ. ಇಷ್ಟು ಹೊತ್ತಿಗೆ ಯಾರಾದರೂ "ಇದು ಅವಿಭಾಜ್ಯವೇ" ಅಂತ ಬರೆದು ಎದ್ದುಬಿಡುತ್ತಾರೆ. ಆದರೆ 421 × 1381 = 581401. 17ರಿಂದ ಎಣಿಸಿದರೆ 76ನೇ ಭಾಗಾಕಾರ.

ಕಾರವಾರ ಮತ್ತು ಶಿರಸಿಯ ಸಂಖ್ಯೆಗಳ ನಡುವೆ ಇರುವ ಅಂತರ ಬರೀ ನೂರು. ಕೆಲಸದಲ್ಲಿ ಇರುವ ಅಂತರ ನೋಡಿ. ಸಂಖ್ಯೆಯ ಗಾತ್ರ ನೋಡಿ ಶ್ರಮ ಎಷ್ಟು ಅಂತ ಹೇಳಲಾಗದು. ಅತಿ ಚಿಕ್ಕ ಅವಿಭಾಜ್ಯ ಅಪವರ್ತನ ಎಲ್ಲಿ ಅಡಗಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಂದು ಲೆಕ್ಕದಲ್ಲಿ ಶಿರಸಿಯದು ನಡುಮಟ್ಟದ್ದು. ಆರಂಕಿಯ ಸಂಖ್ಯೆ ನಿಜಕ್ಕೂ ಅವಿಭಾಜ್ಯ ಆಗಿದ್ದರೆ ಅಷ್ಟಕ್ಕೂ ಬಿಡುವುದಿಲ್ಲ. ಈ ಗಾತ್ರಕ್ಕೆ 762ರ ತನಕ, ಅಂದರೆ 135 ಅವಿಭಾಜ್ಯಗಳನ್ನು ಮುಗಿಸಬೇಕು.

ಫ್ರೆಂಚ್ ಗಣಿತಜ್ಞ ಫರ್ಮಾನ ವರ್ಗ ವ್ಯತ್ಯಾಸದ ಉಪಾಯ ಇಲ್ಲಿ ನೆರವಾಗುತ್ತದಾ? ಎರಡು ಅಪವರ್ತನ ಹತ್ತಿರ ಹತ್ತಿರ ಇದ್ದರೆ ಅದು ಮಿಂಚು. 1147 ಕಂಡರೆ 34ರ ವರ್ಗ 1156, ಅದರಲ್ಲಿ 9 ಕಳೆದರೆ 1147. ಆದ್ದರಿಂದ (34 − 3) × (34 + 3) = 31 × 37. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು 391 ಮತ್ತು 899ರ ಮೇಲೆ ಇದನ್ನು ಪ್ರಯೋಗ ಮಾಡಿ ನೋಡಲಿ, ಇಂಥ ಸಂಖ್ಯೆಗಳಿಗೆ ಹೇಳಿ ಮಾಡಿಸಿದ ದಾರಿ. ಆದರೆ ಶಿರಸಿಯ ಮೇಲೆ ಹಾಕಿದರೆ 763ರಿಂದ ಶುರು ಮಾಡಿ 901ಕ್ಕೆ ಬಂದು ಮುಟ್ಟಬೇಕು. ಅದು 139 ಹೆಜ್ಜೆ, ನೇರ ಭಾಗಾಕಾರಕ್ಕಿಂತ ಕಡೆ. ಎರಡು ಮೂರು ಹೆಜ್ಜೆಯಲ್ಲಿ ಸಿಗದಿದ್ದರೆ ಬಿಟ್ಟುಬಿಡಿ.

ಜರಡಿ

ಇದು ಒಂದು ಸಂಖ್ಯೆಗೆ ಅಲ್ಲ, ಇಡೀ ಪಟ್ಟಿಗೆ. ಗ್ರೀಕ್ ಪಂಡಿತ ಎರಟೊಸ್ಥೆನಿಸ್‌ನ ಹೆಸರಲ್ಲಿದೆ, ಎರಡು ಸಾವಿರ ವರ್ಷಕ್ಕೂ ಹಳೆಯದು. 1ರಿಂದ 100ರ ತನಕ ಬರೆದು, 2ರ ಅಪವರ್ತ್ಯ, 3ರದ್ದು, 5ರದ್ದು, 7ರದ್ದು ಹೊಡೆದುಹಾಕಿ (ಆ ನಾಲ್ಕು ಸಂಖ್ಯೆಗಳನ್ನು ಬಿಟ್ಟು). 1ನ್ನೂ ತೆಗೆಯಿರಿ. ಉಳಿಯುವುದು 25 ಅವಿಭಾಜ್ಯ. 7ಕ್ಕೆ ನಿಲ್ಲಿಸಬಹುದು, ಯಾಕೆಂದರೆ 11 × 11 ನೂರು ದಾಟುತ್ತದೆ.

ಶಾಲೆಯಲ್ಲಿ ಹತ್ತು ಸಾಲಿನ ಚೌಕ ಹಾಕಿಸುತ್ತಾರೆ. ನಾನು ಆರು ಕಂಬ ಹಾಕಿಸುತ್ತೇನೆ. ಚೌಕಳಿ ಪುಸ್ತಕದಲ್ಲಿ ಪ್ರತಿ ಸಾಲಿಗೆ ಆರು ಸಂಖ್ಯೆ ಬರೆಯಿರಿ. 2ರ ಅಪವರ್ತ್ಯಗಳು ಮೂರು ಕಂಬ ಪೂರ್ತಿ ಅಳಿಸಿಹಾಕುತ್ತವೆ, ಮೇಲಿನ 2 ಒಂದು ಬಿಟ್ಟು. 3ರದ್ದು ಇನ್ನೊಂದು ಕಂಬವನ್ನು. ಉಳಿಯುವುದು ಒಂದನೇ ಮತ್ತು ಐದನೇ ಕಂಬ ಮಾತ್ರ. 5ರದ್ದು ಓರೆಯಾಗಿ ಒಂದು ಕಡೆ ಇಳಿಯುತ್ತದೆ, 7ರದ್ದು ಇನ್ನೊಂದು ಕಡೆ. ನಾಲ್ಕು ಬಣ್ಣದ ಪೆನ್ಸಿಲ್ ಇದ್ದರೆ ಸಾಕು. 6ರ ಪಕ್ಕದ ಸೂತ್ರ ಯಾಕೆ ಅರ್ಧ ಸತ್ಯ ಅನ್ನುವುದು ಆ ಹಾಳೆಯಲ್ಲೇ ಕಾಣುತ್ತದೆ.

"700 ಮತ್ತು 730ರ ನಡುವೆ ಎಷ್ಟು ಅವಿಭಾಜ್ಯ?" ಅನ್ನುವ ಪ್ರಶ್ನೆಗೂ ಜರಡಿಯೇ ಸರಿ. ಮೊದಲಿಂದ ಬರೆಯಬೇಕಿಲ್ಲ, ಆ ತುಂಡನ್ನು ಮಾತ್ರ ಬರೆದು 23ರ ತನಕದ ಅವಿಭಾಜ್ಯಗಳಿಂದ ಹೊಡೆಯಿರಿ. 701, 709, 719, 727 ಉಳಿಯುತ್ತವೆ. ಆದರೆ ಒಂದೇ ಸಂಖ್ಯೆ ಪರೀಕ್ಷಿಸಲು ಜರಡಿ ಹಿಡಿಯುವುದು ಸುಮ್ನೆ ಹಾಳೆ ದಂಡ.

ಮೊಬೈಲು, ಕಂಪ್ಯೂಟರು

ಮೊಬೈಲಿನ ಮಾಮೂಲಿ ಕ್ಯಾಲ್ಕುಲೇಟರ್‌ಗೆ ಖರ್ಚಿಲ್ಲ, ಆದರೆ ಅದು ಭಾಗಾಕಾರ ಮಾಡುತ್ತದೆ ಅಷ್ಟೇ. ಯಾವುದರಿಂದ ಭಾಗಿಸಬೇಕು ಅನ್ನುವುದು ನಿಮ್ಮ ತಲೆನೋವು. ಕೆಲವು ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಳಲ್ಲಿ ಅವಿಭಾಜ್ಯಗಳಾಗಿ ಒಡೆಯುವ ಸೌಲಭ್ಯ ಇರುತ್ತದೆ. ಇದಕ್ಕೋಸ್ಕರವೇ ಒಂದನ್ನು ಕೊಳ್ಳಬೇಡಿ. ಪರೀಕ್ಷೆ ಹಾಲ್‌ನಲ್ಲಿ ಬಿಡದಿದ್ದರೆ ಮನೆಯಲ್ಲಿ ಉತ್ತರ ತಾಳೆ ನೋಡಲಿಕ್ಕೆ ಮಾತ್ರ ಬಂತು. ಮನೆಯಲ್ಲಿ ಲಿನಕ್ಸ್ ಇರುವ ಕಂಪ್ಯೂಟರ್ ಇದ್ದರೆ 'ಫ್ಯಾಕ್ಟರ್' ಅನ್ನುವ ಆದೇಶ ಬಿಟ್ಟಿ ಸಿಗುತ್ತದೆ, ಶಿರಸಿಯನ್ನು ಕಣ್ಣು ಮಿಟುಕಿಸುವುದರೊಳಗೆ ಒಡೆಯುತ್ತದೆ.

ಈಗ ಆ ಕೋಡಿಂಗ್ ಹುಡುಗನ ಪ್ರಶ್ನೆ. ಕಂಪ್ಯೂಟರ್‌ಗೂ ಆಯ್ಕೆ ತಪ್ಪಿದ್ದಲ್ಲ. ಹತ್ತು ಲಕ್ಷದ ತನಕದ ಎಲ್ಲ ಅವಿಭಾಜ್ಯ ಬೇಕಾದರೆ ಜರಡಿ. ಒಂದೇ ಸಂಖ್ಯೆ, ಹತ್ತಂಕಿಯ ಒಳಗೆ, ಅಂದರೆ ವರ್ಗಮೂಲದ ತನಕದ ಭಾಗಾಕಾರವೇ ಸಾಕು. ನೂರಂಕಿ, ಇನ್ನೂರಂಕಿಗೆ ಹೋದರೆ ಇವೆರಡೂ ಕೆಲಸಕ್ಕೆ ಬರುವುದಿಲ್ಲ.

ಅಲ್ಲಿ ಬೇರೆ ಬಗೆಯ ಪರೀಕ್ಷೆಗಳು ಬರುತ್ತವೆ. ಫರ್ಮಾನ ಪರೀಕ್ಷೆ ಹೀಗಿದೆ: ಬೆಸ ಅವಿಭಾಜ್ಯ ಪ ಆದರೆ, 2ನ್ನು ಪ − 1 ಸಲ ಗುಣಿಸಿ ಪದಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಬರದಿದ್ದರೆ ಅದು ಖಂಡಿತ ಸಂಯುಕ್ತ. ಬಂದರೆ? ನಂಬಬೇಡಿ. 341ನ್ನು ನೋಡಿ. 2ನ್ನು ಹತ್ತು ಸಲ ಗುಣಿಸಿದರೆ 1024, ಅದು 3 × 341 + 1. ಶೇಷ 1. ಹಾಗಾಗಿ 340 ಸಲ ಗುಣಿಸಿದರೂ ಶೇಷ 1. ಪರೀಕ್ಷೆ ಪಾಸು. ಆದರೆ 341 = 11 × 31. 561 ಇನ್ನೂ ಕಿಲಾಡಿ, 3 × 11 × 17. 2ರ ಜಾಗದಲ್ಲಿ ಹಾಕುವ ಸಂಖ್ಯೆಗೆ ಆಧಾರ ಸಂಖ್ಯೆ ಅನ್ನುತ್ತಾರೆ; ತನ್ನೊಡನೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಯಾವ ಆಧಾರ ಸಂಖ್ಯೆ ಹಿಡಿದರೂ 561 ಪಾಸಾಗುತ್ತದೆ.

ಈ ತೂತನ್ನು ಬಹುಮಟ್ಟಿಗೆ ಮುಚ್ಚಿದ್ದು ಮಿಲ್ಲರ್–ರಾಬಿನ್ ಪರೀಕ್ಷೆ. ಬಹುಪಾಲು ತಂತ್ರಾಂಶಗಳು ಬಳಸುವುದು ಇದನ್ನೇ ಅಥವಾ ಇದರ ನೆಂಟರನ್ನು. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅನುಮಾನಕ್ಕೆ ಎಡೆಯೇ ಇಲ್ಲದ, ಸಂಖ್ಯೆ ಎಷ್ಟೇ ಉದ್ದ ಆದರೂ ಮಿತಿ ಮೀರಿ ಸಮಯ ತಿನ್ನದ ವಿಧಾನ ಕೊಟ್ಟರು. ಸಿದ್ಧಾಂತಕ್ಕೆ ಅದು ದೊಡ್ಡ ಗೆಲುವು. ಆದರೆ ದಿನನಿತ್ಯದ ಕೆಲಸಕ್ಕೆ ಮಿಲ್ಲರ್–ರಾಬಿನ್ ಅದಕ್ಕಿಂತ ಬಹಳ ಚುರುಕು. ಪ್ರಾಜೆಕ್ಟ್ ಬರೆಯುವವರು ಮಿಲ್ಲರ್–ರಾಬಿನ್ ಪರೀಕ್ಷೆಯನ್ನೇ ಬರೆಯಿರಿ, ಕಾನ್ಪುರದವರ ವಿಧಾನವನ್ನು ಓದಿ ತಿಳಿದುಕೊಳ್ಳಿ.

ಇಲ್ಲೂ ಕೊಡುಕೊಳ್ಳುವಿಕೆ ಇದೆ. ಈ ಪರೀಕ್ಷೆಗಳು "ಸಂಯುಕ್ತ" ಅನ್ನುತ್ತವೆ, ಅಪವರ್ತನ ಯಾವುದು ಅಂತ ಹೇಳುವುದಿಲ್ಲ. 581401 ಅವಿಭಾಜ್ಯ ಅಲ್ಲ ಅಂತ ಗೊತ್ತಾಗುತ್ತದೆ, 421 ಸಿಗುವುದಿಲ್ಲ. ದೊಡ್ಡ ಸಂಖ್ಯೆಗಳಲ್ಲಿ ಪರೀಕ್ಷಿಸುವುದು ಸುಲಭ, ಒಡೆಯುವುದು ಕಷ್ಟ. ಆರ್‌ಎಸ್‌ಎ ಗೂಢಲಿಪಿ ನಿಂತಿರುವುದು ಈ ಅಂತರದ ಮೇಲೇ.

ಹತ್ತಂಕಿಯ ಮೊಬೈಲ್ ನಂಬರ್‌ಗೆ ಮಿಲ್ಲರ್–ರಾಬಿನ್‌ನಲ್ಲಿ 2, 3, 5, 7, 11 ಈ ಐದು ಆಧಾರ ಸಂಖ್ಯೆಗಳನ್ನು ಹಾಕಿದರೆ ಸಾಕು, ಉತ್ತರ ಊಹೆಯಲ್ಲ, ಖಚಿತ. ಭಾಗಾಕಾರದ ದಾರಿಯಲ್ಲಿ ಹೋಗುವುದಾದರೆ ಒಂದು ಲಕ್ಷದೊಳಗಿನ 9592 ಅವಿಭಾಜ್ಯಗಳು. ಎರಡನ್ನೂ ಬರೆದು ನಿಮ್ಮದೇ ನಂಬರ್ ಹಾಕಿ, ಯಾವುದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ನೋಡಿ.